ನಾನೂರ ಹನ್ನೆರಡು

ಓಲೊಮೌತ್ಸ್ ಊರಿನ ಮುದ್ರಣಾಲಯದಿಂದ ಬಂದ ಲಕೋಟೆಯಲ್ಲಿ
ಬಿಯರ್ ಬಾಟಲಿಯ ಮೂರು ಚೀಟಿ.
ಸಿಂಹ ಬಾಯಿ ತೆರೆದಿದೆ; ಕೆಂಪು ನಾಲಿಗೆ ಮಾತ್ರ
ಬಾಯಿ ಬಿಟ್ಟು ನಾಲ್ಕು ಮಿಲಿಮೀಟರ್ ಆಚೆ
ಗಾಳಿಯಲ್ಲಿ ನೇತಾಡುತ್ತಿದೆ.
ಜೊತೆಗೊಂದು ಸಾಲು: ಯಾವಾಗಲೂ ಅಲ್ಲ,
ಯಂತ್ರ ತುಸು ನಿಂತು ಮತ್ತೆ ಓಡಿದಾಗ
ಮೊದಲ ಚೀಟಿಗೆ ಮಾತ್ರ ಹೀಗೆ.

ಸೆಕೆಂಡಿಗೆ ಹತ್ತು ಮೀಟರ್ ಕಾಗದ.
ಕ್ವೇತಾ ಲಕೋಟೆಯ ಬೆನ್ನ ಮೇಲೇ ಭಾಗಿಸಿದಳು:
ನಾನೂರು ಮೈಕ್ರೋಸೆಕೆಂಡ್.
ಗುರುತು ಬಂತೆಂದು ಸೆನ್ಸರ್ ಕೂಗಿದ್ದಕ್ಕೂ
ಕರ್ನಲ್ ಓಗೊಟ್ಟಿದ್ದಕ್ಕೂ ನಡುವೆ
ಯಾರೋ ಅಷ್ಟು ಹೊತ್ತು ಕದ್ದಿದ್ದಾರೆ.

ಬ್ರನೋದಲ್ಲಿ, ನಾಲ್ಕನೆಯ ಮಹಡಿಯಲ್ಲಿ,
ಅದೇ ಬೋರ್ಡು, ಅದೇ ಕರ್ನಲ್.
ಅಳತೆಯ ಪ್ರೋಗ್ರಾಮು ಮಿಲಿಸೆಕೆಂಡಿಗೊಮ್ಮೆ ಕದ ತಟ್ಟುತ್ತದೆ:
ಎದ್ದಿದ್ದೀಯಾ? ಎದ್ದಿದ್ದೇನೆ.
ಎದ್ದಿದ್ದೀಯಾ? ಎದ್ದಿದ್ದೇನೆ.
ಒಂಬತ್ತು. ಒಂಬತ್ತು. ಎಂಟು. ಒಂಬತ್ತು.
ಮೂರು ದಿನ, ಇಪ್ಪತ್ತೈದು ಕೋಟಿಗೂ ಮಿಕ್ಕಿ,
ಒಮ್ಮೆಯೂ ಹದಿನಾಲ್ಕು ದಾಟಲಿಲ್ಲ.
ಬಾಲವಿಲ್ಲದ ಗ್ರಾಫು. ಅಂಥದ್ದನ್ನು ನಂಬಬಾರದೆಂದು ಗೊತ್ತು,
ಆದರೂ, ಇರಲಿ ಎಂದು ಉಳಿಸಿಟ್ಟಳು.

ತಿಂಗಳ ಮೊದಲ ಬುಧವಾರ.
ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ ಊರಿನ ಸೈರನ್ನುಗಳೆಲ್ಲ
ಒಟ್ಟಿಗೆ ಊಳಿಟ್ಟವು. ಪರೀಕ್ಷೆ, ಪ್ರತಿ ತಿಂಗಳದ್ದು.
ಟ್ರಾಮಿನಲ್ಲಿ ಯಾರೂ ತಲೆಯೆತ್ತುವುದಿಲ್ಲ.
ಹೀಟರ್ ನೋಡಲು ಬಂದ ಓತಕರ್
(ಕಟ್ಟಡದ ಮೇಸ್ತ್ರಿ; ನಲವತ್ತು ವರ್ಷ
ಹಳ್ಳಿಯ ಬೆಂಕಿ ಪಡೆಯಲ್ಲಿ, ಸಂಬಳವಿಲ್ಲದೆ)
ಸ್ಪ್ಯಾನರ್ ಕೆಳಗಿಟ್ಟು ನಕ್ಕ:
"ಹಗಲಿನ ಕವಾಯತಿಗೆ ನಮಗೆ ಕಪ್ಪು ಬಂದಿತ್ತು ನೋಡು.
ಸೈರನ್ನಿಂದ ಗೇಟಿನವರೆಗೆ ಎರಡು ನಿಮಿಷ.
ಬೂಟು ಹಾಕಿಕೊಂಡೇ ಕಾಯುತ್ತಿದ್ದೆವಲ್ಲ!
ನಿಜವಾಗಿ ಹಿಟ್ಟಿನ ಗಿರಣಿ ಹೊತ್ತಿಕೊಂಡಿದ್ದು
ಬೆಳಗಿನ ಜಾವ ಮೂರಕ್ಕೆ.
ಎಡಗಾಲಿನ ಬೂಟು ಸಿಗಲಿಲ್ಲ ನನಗೆ.
ಹೆಂಡತಿಯದು ಹಾಕಿಕೊಂಡು ಓಡಿದೆ."

ಹೀಟರ್ ಸರಿಹೋಗಲಿಲ್ಲ.
ಕ್ವೇತಾ ಕೋಟು ಬಿಚ್ಚದೆಯೇ ಕೋಡಿನೊಳಗೆ ಇಳಿದಳು.
ಅಲ್ಲಿತ್ತು: ಅಳೆಯುವ ಪ್ರೋಗ್ರಾಮು ಹುಟ್ಟಿದೊಡನೆ
ಒಂದು ಫೈಲು ತೆರೆದು ಸೊನ್ನೆ ಬರೆಯುತ್ತದೆ.
ಅಂದರೆ: ನಾನಿರುವವರೆಗೆ ಯಾರೂ ಆಳವಾಗಿ ಮಲಗಬೇಡಿ.
ಮೂರು ದಿನ ಅವಳು ಅಳೆದದ್ದು
ಬೂಟು ಹಾಕಿಕೊಂಡವರನ್ನು.

ನಿದ್ದೆ ಮಾಡುವವರನ್ನು ಎಬ್ಬಿಸಬಹುದು,
ನಟಿಸುವವರನ್ನು ಎಬ್ಬಿಸಲಾಗದು ಅನ್ನುತ್ತಾರೆ.
ಸಿಲಿಕಾನಿನಲ್ಲಿ ಗಾದೆ ತಿರುವುಮುರುವು:
ನಟಿಸುವವನು ಕರೆಗೆ ಮುಂಚೆ ನಿಂತಿರುತ್ತಾನೆ,
ಮಲಗಿದವನೇ ಕಷ್ಟ.

ಆ ರಾತ್ರಿ ಸೊನ್ನೆಯನ್ನು ಅಳಿಸಿದಳು.
ಒಳಗಿನಿಂದ ಕೇಳುವುದನ್ನೇ ಬಿಟ್ಟು
ಹೊರಗಿನಿಂದ ಒಂದು ತಂತಿ, ಲೆಕ್ಕವಿಲ್ಲದ ಗಳಿಗೆಯಲ್ಲಿ ಒಂದು ತಟ್ಟು;
ಇನ್ನೊಂದು ಪಿನ್ನಿನಿಂದ ಆಸಿಲೋಸ್ಕೋಪಿಗೆ ಉತ್ತರ.
ಕೋಣೆಯ ದೀಪ ಆರಿಸಿದಳು. ಅಗತ್ಯವಿರಲಿಲ್ಲ.
ಪಕ್ಕದಲ್ಲಿ ಮಗು ಮಲಗಿಸಿದವರ ಹಾಗೆ
ಕುರ್ಚಿಯನ್ನು ಎತ್ತಿ ಸರಿಸಿದಳು.

ಹಳದಿ ಗೆರೆ ಎದ್ದಿತು. ಕರೆ.
ನೀಲಿ ಗೆರೆ ಇನ್ನೂ ನೆಲದ ಮೇಲೆ.
ಆ ಬಯಲಿನಲ್ಲಿ ಏನೇನು ನಡೆಯುತ್ತದೆ!
ವೋಲ್ಟೇಜು ತಡಕಾಡಿ ಮೆಟ್ಟಿಲು ಹತ್ತುತ್ತದೆ,
ಗಡಿಯಾರ ತನ್ನ ತಾಳ ಹಿಡಿಯುತ್ತದೆ,
ತಣ್ಣಗಾದ ಕ್ಯಾಶ್ ತಾನು ಓದಿದ್ದೆಲ್ಲ ಮರೆತು
ದೂರದ ಮೆಮೊರಿಗೆ ಒಂದೊಂದೇ ಸಾಲಿಗೆ ಆಳು ಕಳಿಸುತ್ತದೆ.
ಆಮೇಲೆ ನೀಲಿ ಗೆರೆ.

ನಾನೂರ ಹನ್ನೆರಡು.

ತಯಾರಕರ ಕೋಷ್ಟಕದಲ್ಲಿ ಎಂಬತ್ತೈದು ಎಂದಿತ್ತು.
ಯಾವ ನಡುಹಗಲಿನಲ್ಲಿ ಅಳೆದರೋ.
ಅವಳು ಕಳ್ಳನನ್ನು ಬಯ್ಯಲಿಲ್ಲ. ಎಂಬತ್ತೈದನ್ನು ಹೊಡೆದುಹಾಕಿ
ಕಂಡದ್ದನ್ನು ಬರೆದಳು.
ಏಳು ಕೋರುಗಳು ಬೇಕಾದಷ್ಟು ಮಲಗಲಿ,
ಸೆನ್ಸರಿನ ಕೂಗಿಗೆ ಕಿವಿಕೊಟ್ಟ ಎಂಟನೆಯದು
ತೂಕಡಿಸಿದರೆ ಸಾಕು, ಎಂದು ಕಟ್ಟು ಹಾಕಿದಳು.
ಎರಡು ವ್ಯಾಟ್ ಹೆಚ್ಚು ಖರ್ಚು. ಓಲೊಮೌತ್ಸಿನವರು
ಒಪ್ಪಿದರು, ಗೊಣಗಿಕೊಂಡು.
ಸಿಂಹದ ನಾಲಿಗೆ ಬಾಯೊಳಗೆ ಹೋಯಿತು.

ಮುಂದಿನ ತಿಂಗಳ ಬುಧವಾರ ಓತಕರ್
ಅವಳ ಮೇಜಿನ ಬಳಿ ಕೂತು ಬ್ರೆಡ್ಡು ತಿನ್ನುತ್ತಿದ್ದ.
ಸೈರನ್ ಕೂಗಿತು. ಅವನು ಮಾತು ನಿಲ್ಲಿಸಲಿಲ್ಲ,
ಅಗಿಯುವುದನ್ನೂ ನಿಲ್ಲಿಸಲಿಲ್ಲ.
ಮೇಜಿನಡಿ ಎಡಗಾಲು ಮಾತ್ರ
ಆಚೀಚೆ ಏನನ್ನೋ ತಡಕಿತು.